ದಿನಸಿ ಆ್ಯಪ್‌ನಿಂದ ಮಾಹಿತಿ ಸೋರಿದ ಮೇಲೆ ಕಾರ್ಡ್ ಬದಲಿಸಿದರೆ ಸಾಕೇ?

ದಿನಸಿ ತರಿಸುವ ಆ್ಯಪ್‌ನಿಂದ ಗ್ರಾಹಕರ ಮಾಹಿತಿ ಸೋರಿಕೆಯಾಗಿದೆ ಎಂಬ ಇಮೇಲ್ ಬಂದಿದೆ, ಡೆಬಿಟ್ ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ಪಡೆದರೆ ಸಾಕೇ ಎಂದು ಕೇಳಿದ್ದೀರಿ. ಬ್ಯಾಂಕೊಂದರಲ್ಲಿ ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ನನ್ನ ಪ್ರಕಾರ, ಕಾರ್ಡಿನ ಚಿಂತೆ ಕೊನೆಗಿರಲಿ. 2022ರ ಅಕ್ಟೋಬರ್ 1ರಿಂದ ನಮ್ಮ ದೇಶದ ವ್ಯಾಪಾರಿ ತಾಣಗಳು ಗ್ರಾಹಕರ ಕಾರ್ಡಿನ ಪೂರ್ಣ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಅಲ್ಲಿರುವುದು ಆ ಸಂಖ್ಯೆಯ ಬದಲಿಗೆ ಕೊಟ್ಟ, ಬೇರೆಡೆ ನಡೆಯದ ಟೋಕನ್ ಎಂಬ ಸಂಕೇತ ಮಾತ್ರ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನು ಆಫ್ ಮಾಡಿಡಿ, ಏಕೆಂದರೆ ಎಷ್ಟೋ ವಿದೇಶಿ ತಾಣಗಳು ಒಟಿಪಿ ಕೇಳುವುದೇ ಇಲ್ಲ.

ಇಂಥ ಸೋರಿಕೆಯಲ್ಲಿ ನಿಜವಾಗಿ ಏನು ಹೋಗುತ್ತದೆ ಎಂಬುದಕ್ಕೆ ಬೆಂಗಳೂರಿನ ದಿನಸಿ ಕಂಪನಿ ಬಿಗ್‌ಬಾಸ್ಕೆಟ್‌ನ ಪ್ರಕರಣವನ್ನೇ ನೋಡಬಹುದು. 2020ರ ನವೆಂಬರ್‌ನಲ್ಲಿ ಅದು ಬಯಲಾದಾಗ ಸುಮಾರು 2 ಕೋಟಿ ಗ್ರಾಹಕರ ಹೆಸರು, ವಿಳಾಸ, ಫೋನ್ ಸಂಖ್ಯೆ, ಹುಟ್ಟಿದ ದಿನಾಂಕ ಮತ್ತು ಹ್ಯಾಶ್ ರೂಪದ (ನೇರವಾಗಿ ಓದಲಾಗದಂತೆ ಬದಲಿಸಿಟ್ಟ) ಪಾಸ್‌ವರ್ಡ್‌ಗಳು ಹೊರಬಿದ್ದಿದ್ದವೆಂದು ವರದಿಯಾಯಿತು. ಕಾರ್ಡಿನ ವಿವರಗಳನ್ನು ತಾನು ಇಟ್ಟುಕೊಳ್ಳುವುದಿಲ್ಲವೆಂದು ಕಂಪನಿ ಹೇಳಿತು. ಮೊದಲು ಮಾರಾಟಕ್ಕಿದ್ದ ಆ ಮಾಹಿತಿ 2021ರ ಏಪ್ರಿಲ್ ಹೊತ್ತಿಗೆ ಪುಕ್ಕಟೆಯಾಗಿಯೇ ಸಿಗುವಂತಾಯಿತು. ಆದ್ದರಿಂದ ತಿಂಗಳೊಪ್ಪತ್ತು ಏನೂ ಆಗಲಿಲ್ಲವೆಂದು ನಿಶ್ಚಿಂತರಾಗಬೇಡಿ.

ಪಾಸ್‌ವರ್ಡ್ ವಿಷಯ ಸರಳ. ಅದೇ ಪಾಸ್‌ವರ್ಡನ್ನು ಬೇರೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ಈಗಲೇ ಬದಲಿಸಿ. ಮೊದಲು ಇಮೇಲ್ ಖಾತೆಯದ್ದನ್ನು ಬದಲಿಸಿ, ಅದಕ್ಕೆ ಎರಡು ಹಂತದ ದೃಢೀಕರಣವನ್ನೂ ಹಾಕಿಕೊಳ್ಳಿ. ಉಳಿದ ಖಾತೆಗಳ ಪಾಸ್‌ವರ್ಡನ್ನೆಲ್ಲ ಆ ಇಮೇಲ್ ಮೂಲಕವೇ ಮರುಹೊಂದಿಸಲು ಬರುತ್ತದೆ.

ವಿಳಾಸವನ್ನಾಗಲಿ ಹುಟ್ಟಿದ ದಿನಾಂಕವನ್ನಾಗಲಿ ಹಾಗೆ ಬದಲಿಸಲಾಗದು, ವಂಚಕನ ಬಂಡವಾಳವೂ ಅದೇ. ನಮ್ಮಲ್ಲಿಗೆ ಬರುವ ದೂರುಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತೆಂದರೆ, "ಅವನಿಗೆ ನನ್ನ ಮನೆ ನಂಬರು, ಕ್ರಾಸು ಎಲ್ಲ ಗೊತ್ತಿತ್ತು ಸಾರ್, ಅದಕ್ಕೇ ನಂಬಿದೆ" ಎಂಬುದು. ಕರೆ ಮಾಡಿದವನು ಹೆಸರು ಹಿಡಿದು ಮಾತನಾಡಿಸುತ್ತಾನೆ, ವಿಳಾಸ ಓದಿ ಹೇಳಿ "ಸರಿ ಇದೆಯಾ ಮೇಡಂ?" ಎನ್ನುತ್ತಾನೆ, ರಿಫಂಡ್ ಬಾಕಿ ಇದೆಯೆಂದು ಕ್ಯೂಆರ್ ಕಳಿಸಿ ಯುಪಿಐ ಪಿನ್ ಒತ್ತಿಸುತ್ತಾನೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದಲೇ. ನಿಮ್ಮ ಬಗ್ಗೆ ಎಷ್ಟು ಗೊತ್ತಿದೆ ಎಂಬುದರ ಮೇಲೆ ಯಾರನ್ನೂ ನಂಬಬೇಡಿ. ಕರೆ ಕತ್ತರಿಸಿ, ಆ್ಯಪ್ ತೆರೆದು, ಅದರೊಳಗಿನ ಸಹಾಯ ವಿಭಾಗದಲ್ಲಿಯೇ ವಿಚಾರಿಸಿ. ಗೂಗಲ್‌ನಲ್ಲಿ ಹುಡುಕಿ ತೆಗೆದ ಕಸ್ಟಮರ್ ಕೇರ್ ಸಂಖ್ಯೆಯೂ ವಂಚಕರದ್ದೇ ಆಗಿರುವುದುಂಟು. ಆ ಆ್ಯಪ್‌ನಲ್ಲಿ ತಂದೆ ತಾಯಿಯ ವಿಳಾಸ, ಫೋನ್ ಸಂಖ್ಯೆ ಕೊಟ್ಟು ಸಾಮಾನು ಕಳಿಸುತ್ತಿದ್ದರೆ ಅವರಿಗೂ ಇದನ್ನು ತಿಳಿಸಿ.

ಅಕಸ್ಮಾತ್ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. 2017ರಲ್ಲಿ ರಿಸರ್ವ್ ಬ್ಯಾಂಕ್ ರೂಪಿಸಿದ ನಿಯಮದಂತೆ, ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರ ಕಡೆಯಿಂದ ಆದಾಗ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಪಿನ್ ಅಥವಾ ಒಟಿಪಿಯನ್ನು ನೀವೇ ಕೊಟ್ಟಿದ್ದರೆ ಮಾತ್ರ ದೂರು ಕೊಡುವವರೆಗಿನ ನಷ್ಟ ನಿಮ್ಮದು, ದೂರು ಕೊಟ್ಟ ನಂತರದ್ದು ಬ್ಯಾಂಕಿನದು. ಹಾಗಾಗಿ ಅಂಥ ಸಂದರ್ಭದಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ದೂರಿನ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ, ಯಾವಾಗ ತಿಳಿಸಿದಿರಿ ಎಂಬ ತಕರಾರು ಮುಂದೆ ಎದ್ದರೆ ನಿಮ್ಮ ಕೈಯಲ್ಲಿರುವ ದಾಖಲೆ ಅದೊಂದೇ.