ಮಂಜೇಶ್ವರದ ಸಾವು, ಮಂಗಳೂರಿನ ಲೆಕ್ಕ

ಕೇರಳದ ವಾರದ ಸಾವಿನ ಲೆಕ್ಕದಲ್ಲಿ ಗಡಿ ಜಿಲ್ಲೆ ಕಾಸರಗೋಡಿನ ಎದುರು ಸೊನ್ನೆ ಇದ್ದರೆ ಆ ವಾರ ನಿಮ್ಮ ಕಡೆ ಎಲ್ಲರೂ ಚೆನ್ನಾಗಿದ್ದರು ಅಂತ ತಾನೇ, ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಹಾಗಲ್ಲ. ಕೇರಳದಲ್ಲಿ ಬೇಗ ಕೈಗೆ ಸಿಗುವ ಲೆಕ್ಕ ಡೆಂಗಿ, ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರದಂಥ ಸಾಂಕ್ರಾಮಿಕಗಳದ್ದು ಮಾತ್ರ. ಹೃದಯ, ಕಿಡ್ನಿ, ಕ್ಯಾನ್ಸರ್ ಅದರಲ್ಲಿ ಇಲ್ಲ. ಅದೂ ಇರಲಿ, ನಮ್ಮಲ್ಲಿ ಕಾಯಿಲೆ ಜೋರಾದವರು ಊರಲ್ಲಿ ಉಳಿಯುವುದೇ ಇಲ್ಲ.

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಆಸ್ಪತ್ರೆಯ ದಾರಿ ಮಾತ್ರ ಮೊದಲಿನಂತೆ ಗಡಿಯ ತಲಪಾಡಿ ದಾಟಿ ಮಂಗಳೂರಿಗೇ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಮಂಜೇಶ್ವರದವರಿಗೆ ಅದರ ಅರ್ಧವೂ ಇಲ್ಲ. ಅವರು ಕೇರಳದೊಳಗೇ, ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ ಹೋಗುವುದಾದರೆ ನೂರರ ಹತ್ತಿರ. ಎದೆನೋವು ಬಂದ ಮನುಷ್ಯನನ್ನು ಎತ್ತ ಒಯ್ಯುತ್ತೀರಿ, ನೀವೇ ಹೇಳಿ.

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿ ತಿಳಿಸಬೇಕು, ಮನೆಯಲ್ಲಾದರೆ ಮನೆಯ ಯಜಮಾನ, 21 ದಿನದೊಳಗೆ. ಓಡುವ ವಾಹನದಲ್ಲಿ ಜೀವ ಹೋದರೆ ಗಾಡಿ ಮೊದಲು ನಿಲ್ಲುವ ಜಾಗದಲ್ಲಿ. ಆಂಬುಲೆನ್ಸ್ ತಲಪಾಡಿಯ ಈಚೆ ನಿಂತಿತೋ ಆಚೆ ನಿಂತಿತೋ ಎಂಬುದರ ಮೇಲೆ ಒಂದು ಸಾವು ಯಾವ ರಾಜ್ಯದ್ದೆಂದು ತೀರ್ಮಾನವಾಗುತ್ತದೆ!

ನನ್ನ ದೊಡ್ಡಪ್ಪ ಮಳೆಗಾಲದಲ್ಲಿ ಅಡಿಕೆ ತೋಟದ ಕಣಿಯಲ್ಲಿ, ಅಂದರೆ ನೀರು ಹರಿಯುವ ಕಾಲುವೆಯಲ್ಲಿ, ಬರಿಗಾಲಲ್ಲಿ ಕೆಲಸ ಮಾಡಿದವರು. ಜ್ವರ, ಮೀನಖಂಡ ನೋವು, ಕಣ್ಣು ಕೆಂಪು. ಇಲಿಜ್ವರ ಎಂದು ಊರಿನ ಡಾಕ್ಟರಿಗೆ ಸಂಶಯ ಬಂತು, ಮಂಗಳೂರಿಗೆ ಕಳಿಸಿದರು. ನಾಲ್ಕನೇ ದಿನ ಅಲ್ಲೇ ತೀರಿಕೊಂಡರು. ಕಾರಣದ ಫಾರಂನಲ್ಲಿ ಆಸ್ಪತ್ರೆಯವರು ಬರೆದದ್ದು ಹೃದಯ ಮತ್ತು ಉಸಿರಾಟ ನಿಂತದ್ದು ಎಂದಷ್ಟೇ. ಸಾಯುವ ಎಲ್ಲರಿಗೂ ಅದೇ ಆಗುವುದಲ್ಲವೇ? ಈ ಫಾರಂ 4ರಲ್ಲಿ ಮೊದಲ ಸಾಲು ತಕ್ಷಣದ ಕಾರಣಕ್ಕೆ, ಅದರ ಕೆಳಗಿನ ಸಾಲುಗಳು ಅದಕ್ಕೆ ದಾರಿ ಮಾಡಿದ ರೋಗಕ್ಕೆ. ಅಂಕಿಅಂಶಕ್ಕೆ ಬೇಕಾದದ್ದು ಕೆಳಗಿನದ್ದೇ. ದೊಡ್ಡಪ್ಪನ ಫಾರಂನಲ್ಲಿ ಆ ಸಾಲುಗಳು ಖಾಲಿ. ಹೀಗೆ ಅವರ ಸಾವು ಕೇರಳದ ನೋಂದಣಿಯಲ್ಲೂ ಇಲ್ಲ, ಕರ್ನಾಟಕದ ಇಲಿಜ್ವರದ ಲೆಕ್ಕಕ್ಕೂ ಬರಲಿಲ್ಲ. ಅದೇ ಕಣಿಗೆ ಮರುವಾರ ಬೇರೆಯವರು ಇಳಿದರು. ನನಗೆ ಇವತ್ತಿಗೂ ಸಂಕಟವಾಗುವುದು ಇದಕ್ಕೆ. ವಾರದ ಪಟ್ಟಿ ಇರುವುದೇ ಮುಂದಿನ ವಾರದವರನ್ನು ಉಳಿಸಿಕೊಳ್ಳಲು: ಇಲಿಜ್ವರ ತಡೆಯುವ ಮಾತ್ರೆ ಹಂಚಲು, ಬೂಟು ಹಾಕಿ ಎಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಹೇಳಲು.

ಫಾರಂನಲ್ಲಿ ಜಾಗವೇ ಇಲ್ಲದ ಕಾರಣಗಳೂ ಇವೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಭಯದಿಂದ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಚಿಕಿತ್ಸೆಯನ್ನೇ ನಂಬಿದ್ದ ಹಲವರು ದಾರಿ ಸಿಗದೆ ಸತ್ತರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ದಾಖಲೆಯಲ್ಲಿ ಅಂಥವರ ಸಾವು ಹೃದ್ರೋಗ, ಕಿಡ್ನಿ ರೋಗ. ರಸ್ತೆಗೆ ರೋಗದ ಸಂಕೇತ ಸಂಖ್ಯೆ ಇಲ್ಲವಲ್ಲ.

ನಿಮ್ಮವರು ಯಾರಾದರೂ ಹೀಗೆ ಗಡಿಯಾಚೆ ತೀರಿಕೊಂಡರೆ ಒಂದು ಕೆಲಸ ಮಾಡಿ. ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ, ಕಾಯ್ದೆಯೇ ಹಾಗಿದೆ. ಆದರೆ 2023ರ ತಿದ್ದುಪಡಿಯ ಪ್ರಕಾರ ಕಾರಣದ ಫಾರಂನ ಒಂದು ಪ್ರತಿಯನ್ನು ಆಸ್ಪತ್ರೆ ಹತ್ತಿರದ ಸಂಬಂಧಿಗೆ ಕೊಡಬೇಕು. ಹೆಣ ಬಿಡಿಸಿಕೊಳ್ಳುವ ಗಡಿಬಿಡಿಯಲ್ಲೂ ಅದನ್ನು ಕೇಳಿ, ಕೆಳಗಿನ ಸಾಲು ಖಾಲಿ ಇದ್ದರೆ ಡಾಕ್ಟರ ಹತ್ತಿರ ವಿಚಾರಿಸಿ. ಆ ಪ್ರತಿಯನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತೋರಿಸಿ. ಈಗ ನಮ್ಮ ಬೈಲಿನಲ್ಲಿ ಯಾರು ಮಂಗಳೂರಿನಲ್ಲಿ ತೀರಿಕೊಂಡರೂ ನಾನು ಜೊತೆಗೆ ಹೋಗುವುದು ಇದಕ್ಕಾಗಿಯೇ.