ಮಂಡಿ ಬದಲಾವಣೆ: ಯಾವ ಇಂಪ್ಲಾಂಟ್ ಹಾಕಿಸಬೇಕು?

ಪ್ರಶ್ನೆ: ಅಮ್ಮನಿಗೆ 66 ವರ್ಷ. ಬೀಡಿ ಕಟ್ಟಿಯೇ ಸಂಸಾರ ಸಾಗಿಸಿದವರು. ಎರಡೂ ಮಂಡಿ ಸವೆದು ಕಾಲು ಹೊರಕ್ಕೆ ಬಾಗಿದೆ. ಮಂಗಳೂರಿನ ಒಬ್ಬ ವೈದ್ಯರು ‘ಸಿಆರ್’ ಹಾಕೋಣ ಎಂದರು, ಇನ್ನೊಬ್ಬರು ‘ಪಿಎಸ್’ ಎಂದರು. ‘ಹೈ ಫ್ಲೆಕ್ಸ್’ ಹಾಕಿಸಿದರೆ ಮತ್ತೆ ನೆಲದಲ್ಲಿ ಕೂತು ಬೀಡಿ ಕಟ್ಟಬಹುದೇ? – ಓದುಗರು, ಬಂಟ್ವಾಳ

ಉತ್ತರ: ಇಬ್ಬರು ವೈದ್ಯರೂ ತಪ್ಪು ಹೇಳಿಲ್ಲ. ಯಾವ ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಮಂಡಿ) ಆದರೂ ಮುಖ್ಯ ಭಾಗಗಳು ಮೂರು: ತೊಡೆಮೂಳೆಯ ತುದಿಗೆ ಲೋಹದ ಕವಚ, ಕಣಕಾಲಿನ ಮೂಳೆಯ ತಲೆಗೆ ಲೋಹದ ತಟ್ಟೆ, ಇವೆರಡರ ನಡುವೆ ಗಟ್ಟಿ ಪ್ಲಾಸ್ಟಿಕ್. ವ್ಯತ್ಯಾಸ ಇರುವುದು ಮಂಡಿಯ ಹಿಂಬದಿಯ ಕ್ರೂಸಿಯೇಟ್ ಲಿಗಮೆಂಟನ್ನು (ಮೇಲಿನ, ಕೆಳಗಿನ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿ) ಏನು ಮಾಡುತ್ತಾರೆ ಎಂಬುದರಲ್ಲಿ. ಸಿಆರ್‌ನಲ್ಲಿ ಅದನ್ನು ಉಳಿಸಿಕೊಳ್ಳುತ್ತಾರೆ. ಪಿಎಸ್‌ನಲ್ಲಿ ಅದನ್ನು ತೆಗೆಯುತ್ತಾರೆ. ಅದರ ಕೆಲಸವನ್ನು ಪ್ಲಾಸ್ಟಿಕ್‌ನ ಮಧ್ಯೆ ಎದ್ದು ನಿಂತ ಗೂಟ ಮಾಡುತ್ತದೆ. ಕಾಲು ಮಡಚಿದಾಗ ಕವಚದ ಅಡ್ಡಪಟ್ಟಿ ಈ ಗೂಟಕ್ಕೆ ತಾಗುವುದರಿಂದ ತೊಡೆಮೂಳೆ ಮುಂದಕ್ಕೆ ಜಾರುವುದಿಲ್ಲ. ಗೂಟಕ್ಕೆ ಜಾಗ ಮಾಡಲು ತೊಡೆಮೂಳೆಯ ನಡುವಿನಿಂದ ಸ್ವಲ್ಪ ಹೆಚ್ಚು ಮೂಳೆ ಕತ್ತರಿಸಬೇಕಾಗುತ್ತದೆ.

ಎರಡಕ್ಕೂ ಅದರದ್ದೇ ತೊಂದರೆಗಳಿವೆ. ಸಿಆರ್‌ನಲ್ಲಿ ಉಳಿಸಿದ ಲಿಗಮೆಂಟ್ ಬಿಗಿಯಾಗಿದ್ದರೆ ಕಾಲು ಪೂರ್ತಿ ಮಡಚುವುದಿಲ್ಲ, ಪ್ಲಾಸ್ಟಿಕ್‌ನ ಹಿಂಭಾಗ ಬೇಗ ಸವೆಯುತ್ತದೆ. ಮುಂದೆ ಆ ಲಿಗಮೆಂಟ್ ಸಡಿಲವಾದರೆ ಮೆಟ್ಟಿಲಿಳಿಯುವಾಗ ಮಂಡಿ ನಿಲ್ಲುವುದಿಲ್ಲ. ಪಿಎಸ್‌ನಲ್ಲಿ ಗೂಟ ಸವೆಯಬಹುದು, ಅಪರೂಪಕ್ಕೆ ಮುರಿಯಲೂಬಹುದು. ಕೆಲವರಿಗೆ ಮಂಡಿಚಿಪ್ಪಿನ ಮೇಲ್ಗಡೆ ಗಂಟು ಬೆಳೆದು ಕಾಲು ನೀಡುವಾಗ ‘ಟಕ್’ ಎಂದು ಸಿಕ್ಕಿಕೊಳ್ಳುತ್ತದೆ. ದೀರ್ಘಕಾಲದ ಫಲಿತಾಂಶದಲ್ಲಿ ಇವೆರಡರ ನಡುವೆ ದೊಡ್ಡ ಅಂತರವಿಲ್ಲ. ಕಾಲು ತುಂಬಾ ಬಾಗಿದ್ದರೆ, ನೇರವಾಗಿ ನೀಡಲು ಬಾರದಿದ್ದರೆ, ಮಂಡಿಯ ಎರಡೂ ಬದಿಯ ಬಿಗಿತವನ್ನು ಸಮ ಮಾಡಲು ಪಿಎಸ್ ಅನುಕೂಲ ಎಂದು ಅನೇಕ ಸರ್ಜನ್‌ಗಳು ಅದನ್ನೇ ಆರಿಸುತ್ತಾರೆ. ನಿಮ್ಮ ತಾಯಿಯವರ ವಿಷಯದಲ್ಲೂ ಅದೇ ಕಾರಣ ಇದ್ದೀತು, ಕೇಳಿ ನೋಡಿ.

ಹೈ ಫ್ಲೆಕ್ಸ್ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಅನೇಕ ಮಾದರಿಗಳಲ್ಲಿ ತೊಡೆಮೂಳೆಯ ಹಿಂಬದಿಯಿಂದ ಸುಮಾರು 2 ಮಿ.ಮೀ. ಹೆಚ್ಚು ಮೂಳೆ ತೆಗೆದು, ಹೆಚ್ಚು ಮಡಚಲು ಜಾಗ ಮಾಡಿರುತ್ತಾರೆ. ಆದರೆ ಸಾಮಾನ್ಯ ಇಂಪ್ಲಾಂಟ್ ಜತೆ ಹೋಲಿಸಿ ನೋಡಿದಾಗ ರೋಗಿಗಳ ಕಾಲು ಮಡಚುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಆಪರೇಷನ್‌ಗೆ ಮೊದಲು ಕಾಲು ಎಷ್ಟು ಮಡಚುತ್ತಿತ್ತು ಎಂಬುದೇ ಮುಖ್ಯ. ಈಗ 95 ಡಿಗ್ರಿ ಮಡಚುವ ಮಂಡಿ ಆಮೇಲೆ ನೆಲದಲ್ಲಿ ಕೂರುವಷ್ಟು, ಅಂದರೆ 130 ಡಿಗ್ರಿ ದಾಟಿ, ಮಡಚುವುದು ಅಪರೂಪ. ಬೀಡಿ ಕಟ್ಟಲೇಬೇಕೆಂದರೆ ಸೊಂಟಕ್ಕಿಂತ ಮಂಡಿ ಮೇಲೇರದಷ್ಟು ಎತ್ತರದ ಕುರ್ಚಿ, ಎಲೆ-ಹೊಗೆಸೊಪ್ಪಿನ ಮೊರ ಇಡಲು ಮೇಜು ಮಾಡಿಸಿ ಕೊಡಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ಪ್ರಶ್ನೆ: ‘ಚಿನ್ನದ ಮಂಡಿ’ 30 ವರ್ಷ ಬಾಳುತ್ತದೆ ಎನ್ನುತ್ತಾರೆ. ಹೆಚ್ಚು ದುಡ್ಡು ಕೊಡಬಹುದೇ? – ಓದುಗರು, ಶಂಕರಪುರ

ಉತ್ತರ: ಅದರಲ್ಲಿ ಚಿನ್ನ ಇಲ್ಲ. ಲೋಹದ ಮೇಲೆ ಟೈಟಾನಿಯಂ ಅಥವಾ ಜಿರ್ಕೋನಿಯಂನ ನೈಟ್ರೈಡ್ ಲೇಪನ ಇರುತ್ತದೆ, ಬಣ್ಣ ಅದರದ್ದು. ಮಾಮೂಲಿ ಮಂಡಿಯ ಮಿಶ್ರಲೋಹವಾದ ಕೋಬಾಲ್ಟ್-ಕ್ರೋಮ್‌ನಲ್ಲಿ ಚೂರು ನಿಕ್ಕಲ್ ಇರುತ್ತದೆ. ರೋಲ್ಡ್‌ಗೋಲ್ಡ್ ಒಡವೆ, ವಾಚಿನ ಪಟ್ಟಿ ತಾಗಿ ಚರ್ಮ ತುರಿಸುವವರು ಅದನ್ನು ಸರ್ಜನ್‌ಗೆ ಮೊದಲೇ ಹೇಳಬೇಕು. ಅಂಥವರಿಗೆ ಲೇಪನದ ಅಥವಾ ಆಕ್ಸಿಡೈಸ್ಡ್ ಜಿರ್ಕೋನಿಯಂ (ಮೇಲ್ಮೈಯನ್ನು ಪಿಂಗಾಣಿಯಂತೆ ಗಟ್ಟಿಯಾಗಿಸಿದ ಲೋಹ) ಮಂಡಿಯ ಯೋಚನೆ ಮಾಡುತ್ತಾರೆ. ಉಳಿದವರಿಗೆ ಇದರಿಂದ ಬಾಳಿಕೆ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ‘30 ವರ್ಷ’ದಂಥ ಮಾತು ಬರುವುದು ಯಂತ್ರದಲ್ಲಿ ಸವೆಸಿ ನೋಡಿದ ಪರೀಕ್ಷೆಗಳಿಂದ. ಮಾಮೂಲಿ ಮಂಡಿಗಳೇ ಹತ್ತರಲ್ಲಿ ಎಂಟು 25 ವರ್ಷ ಬಾಳಿವೆ ಎಂದು ವಿದೇಶಗಳ ನೋಂದಣಿ ದಾಖಲೆಗಳು ಹೇಳುತ್ತವೆ. ಸವೆಯುವುದು ಮುಖ್ಯವಾಗಿ ಪ್ಲಾಸ್ಟಿಕ್, ಹಾಗಾಗಿ ‘ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್’ (ಕಡಿಮೆ ಸವೆಯುವಂತೆ ಮಾಡಿದ ಪ್ಲಾಸ್ಟಿಕ್) ಸಿಗುತ್ತದೆಯೇ ಎಂದು ವಿಚಾರಿಸುವುದು ಹೆಚ್ಚು ಉಪಯೋಗ.

ದರದ ಅಂದಾಜಿಗೆ: 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್-ಕ್ರೋಮ್ ಮಂಡಿಗೆ 54,720 ರೂ., ಹೈ ಫ್ಲೆಕ್ಸ್‌ಗೆ 56,490 ರೂ., ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂಗೆ 76,600 ರೂ. ಗರಿಷ್ಠ ಬೆಲೆ ನಿಗದಿ ಮಾಡಿತು, ಜಿಎಸ್‌ಟಿ ಬೇರೆ. ಈಗಿನ ಮಿತಿ ಎಷ್ಟೆಂದು ಆಸ್ಪತ್ರೆಯಲ್ಲೇ ಕೇಳಿ. ಪ್ಯಾಕೇಜ್ ಎಂದು ಒಟ್ಟು ಮೊತ್ತ ಹೇಳಿದರೂ ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆ, ಕಂಪನಿ, ಬ್ಯಾಚ್ ನಂಬರ್ ಪ್ರತ್ಯೇಕವಾಗಿ ಇರಬೇಕು.

ಪ್ರಶ್ನೆ: ಸರ್ಜನ್ ಹತ್ತಿರ ಏನು ಕೇಳಬೇಕು? – ಓದುಗರು, ಕುಂದಾಪುರ

ಉತ್ತರ: ‘ನೀವು ಹೆಚ್ಚಾಗಿ ಹಾಕುವ ಮಾದರಿ ಯಾವುದು, ಎಷ್ಟು ವರ್ಷದಿಂದ?’ ಇದೇ ಮೊದಲ ಪ್ರಶ್ನೆ. ಕೈ ಪಳಗಿದ ಮಾದರಿಯನ್ನು ಬಿಟ್ಟು ನಿಮ್ಮ ಒತ್ತಾಯಕ್ಕೆ ಬೇರೆಯದನ್ನು ಹಾಕಿಸುವುದು ಜಾಣತನವಲ್ಲ. ಕೆಳಗಿನ ತಟ್ಟೆ ಒಳಬದಿಗೆ ಓರೆಯಾಗಿ ಕೂತರೆ ಭಾರವೆಲ್ಲ ಒಂದೇ ಕಡೆ ಬಿದ್ದು ಎಂಥ ದುಬಾರಿ ಇಂಪ್ಲಾಂಟೂ ಸಡಿಲವಾಗುತ್ತದೆ. ನಮ್ಮ ಹೆಂಗಸರ ಮೂಳೆ ಚಿಕ್ಕದು. ಸಣ್ಣ ಸೈಜುಗಳು ಆ ದಿನ ಲಭ್ಯವಿರುತ್ತವೆಯೇ ಎಂದೂ ಕೇಳಿ. ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರ್‌ಗಳ ಒಂದು ಪ್ರತಿ ಕೇಳಿ ಪಡೆಯಿರಿ. ಮುಂದೆ ಪ್ಲಾಸ್ಟಿಕ್ ಮಾತ್ರ ಬದಲಿಸಬೇಕಾಗಿ ಬಂದರೆ ಆ ಮಾದರಿ, ಆ ಸೈಜ್ ಗೊತ್ತಿರಲೇಬೇಕು.

ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತಂದುಕೊಳ್ಳಿ, ಹುಳುಕು ಹಲ್ಲಿಗೆ ಮೊದಲೇ ಚಿಕಿತ್ಸೆ ಮಾಡಿಸಿ. ಮನೆಗೆ ಬಂದ ಮೇಲೆ ಗಾಯದಿಂದ ನೀರು ಒಸರಿದರೆ ಮೆಡಿಕಲ್‌ನಿಂದ ಆ್ಯಂಟಿಬಯೋಟಿಕ್ ತಂದು ನುಂಗಬೇಡಿ, ಅದೇ ದಿನ ಸರ್ಜನ್‌ಗೆ ತೋರಿಸಿ.