ಕ್ಯಾಪ್ಟನ್ ಮುಲ್ಲಾ ಅವರ ಪದಕ ಯಾವುದು?

ಪ್ರಶ್ನೆ: ನೌಕಾಪಡೆಗೆ ಪರಮವೀರ ಚಕ್ರ ಬಂದೇ ಇಲ್ಲವಂತೆ, ನಿಜವೇ? ಹಾಗಾದರೆ ಕ್ಯಾಪ್ಟನ್ ಮುಲ್ಲಾ ಅವರಿಗೆ ಸಂದ ಪದಕ ಯಾವುದು?
– ಓದುಗರೊಬ್ಬರು, ಮದ್ದೂರು

ಉತ್ತರ: ನಿಜ ಸ್ವಾಮಿ. ಈವರೆಗಿನ 21 ಪರಮವೀರ ಚಕ್ರಗಳಲ್ಲಿ 20 ಭೂಸೇನೆಯ ಪಾಲು, ಒಂದು ವಾಯುಪಡೆಯದು. ಮಹೇಂದ್ರನಾಥ ಮುಲ್ಲಾ ಅವರಿಗೆ ಮರಣೋತ್ತರವಾಗಿ ಸಂದದ್ದು ಮಹಾವೀರ ಚಕ್ರ. ದುಂಡನೆಯ ಬೆಳ್ಳಿ ಪದಕ, ಐದು ಮೂಲೆಯ ನಕ್ಷತ್ರ, ನಡುವೆ ಚಿನ್ನದ ಲೇಪದ ರಾಷ್ಟ್ರಲಾಂಛನ. ಪಟ್ಟಿ ಅರ್ಧ ಬಿಳಿ, ಅರ್ಧ ಕಿತ್ತಳೆ.

1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿಯ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹ್ಯಾಂಗೋರ್’ ಬಿಟ್ಟ ಟಾರ್ಪಿಡೊ ಅವರ ‘ಖುಕ್ರಿ’ ಹಡಗಿಗೆ ಬಡಿಯಿತು. ಮುಳುಗಲು ಕೆಲವೇ ನಿಮಿಷ ಸಾಕಾಯಿತು. ಹಡಗು ಬಿಟ್ಟು ಹೊರಡಿ ಎಂದು ಆಜ್ಞೆ ಕೊಟ್ಟ ಮುಲ್ಲಾ, ತಮ್ಮ ಜೀವರಕ್ಷಕ ಸಾಧನವನ್ನು ನಾವಿಕನೊಬ್ಬನಿಗೆ ಕೊಟ್ಟು ತಾವು ಅಲ್ಲೇ ಉಳಿದರು. ಮಡಿದವರು 18 ಅಧಿಕಾರಿಗಳು, 176 ನಾವಿಕರು. ಕನ್ನಂಬಾಡಿಯ ಹಿನ್ನೀರನ್ನೇ ಸಮುದ್ರವೆಂದುಕೊಂಡು ಬೆಳೆದ ನನ್ನಂಥ ಮೈಸೂರಿನವನಿಗೆ ಆ ಕತ್ತಲೆಯ ನೀರನ್ನು ಊಹಿಸುವುದೂ ಕಷ್ಟ.

ಎರಡನೆಯ ದರ್ಜೆಯ ಪದಕವೇ ಎಂದು ಕೊರಗಬೇಡಿ. ಯುದ್ಧಕಾಲದ ಶೌರ್ಯಕ್ಕೆ ಅದರ ಮೇಲಿರುವುದು ಪರಮವೀರ ಚಕ್ರವೊಂದೇ. ದೀವ್‌ನಲ್ಲಿ ಖುಕ್ರಿಯ ಸ್ಮಾರಕವಿದೆ. ಸೋಮನಾಥ ಯಾತ್ರೆಗೆ ಹೊರಟವರು ಅಲ್ಲಿಗೂ ಹೋಗಿ ಬರಬಹುದು.